ಶ್ರೋತೃಗಳ ಲೆಕ್ಕ, ಸಂಗೀತದ ತೂಕ

ಬ್ರಿಟನ್ನಿನ ಬಾನುಲಿ ಲೋಕಕ್ಕೆ ಮೂರು ತಿಂಗಳಿಗೊಮ್ಮೆ ಪರೀಕ್ಷೆಯ ಫಲಿತಾಂಶದ ದಿನ ಬರುತ್ತದೆ. ಯಾವ ಕೇಂದ್ರಕ್ಕೆ ಎಷ್ಟು ಶ್ರೋತೃಗಳು ಎಂಬ ಪಟ್ಟಿ ಅಂದು ಪ್ರಕಟವಾಗುತ್ತದೆ. ಪಾಪ್ ಸಂಗೀತದ ಕೇಂದ್ರಗಳು ಈ ಪಟ್ಟಿಗಾಗಿ ಕಾತರಿಸುವುದು ಸಹಜ. ಶಾಸ್ತ್ರೀಯ ಸಂಗೀತವನ್ನೇ ನೆಚ್ಚಿಕೊಂಡ ಕೇಂದ್ರಗಳೂ ಅಷ್ಟೇ ಕಾತರದಿಂದ ಕಾಯುತ್ತವೆ ಎಂಬುದು ಹೊರಗಿನವರಿಗೆ ಅಚ್ಚರಿ ತರಬಹುದು. ಬಿಬಿಸಿಯ ರೇಡಿಯೋ 3 ಮತ್ತು ಖಾಸಗಿ ಒಡೆತನದ ಕ್ಲಾಸಿಕ್ ಎಫ್‌ಎಂ ನಡುವಣ ಪೈಪೋಟಿಗೆ ಮೂರು ದಶಕಗಳಿಗೂ ಮೀರಿದ ಇತಿಹಾಸವಿದೆ. ಆ ಪೈಪೋಟಿಯ ತೀರ್ಪುಗಾರನ ಸ್ಥಾನದಲ್ಲಿ ಕುಳಿತಿರುವುದು ಅಂಕಿ ಸಂಖ್ಯೆ.

ಏಕಸ್ವಾಮ್ಯಕ್ಕೆ ತೆರೆ

ಬಿಬಿಸಿ 1946ರ ಸೆಪ್ಟೆಂಬರ್ 29ರಂದು ‘ಥರ್ಡ್ ಪ್ರೋಗ್ರಾಂ’ ಎಂಬ ಸೇವೆಯನ್ನು ಆರಂಭಿಸಿತು. ಗಂಭೀರ ಸಂಗೀತ, ನಾಟಕ, ಉಪನ್ಯಾಸಗಳಿಗೆ ಮೀಸಲಾಗಿದ್ದ ಆ ಸೇವೆಯ ಉತ್ತರಾಧಿಕಾರಿಯಾಗಿ 1967ರಲ್ಲಿ ರೇಡಿಯೋ 3 ರೂಪುಗೊಂಡಿತು. ಮುಂದಿನ ಕಾಲು ಶತಮಾನ ಅದಕ್ಕೆ ಎದುರಾಳಿಯೇ ಇರಲಿಲ್ಲ. ಶ್ರೋತೃಗಳು ಕಡಿಮೆ ಎಂಬ ಮಾತು ಆಗಲೂ ಇತ್ತಾದರೂ, ಹೋಲಿಸಿ ನೋಡಲು ಇನ್ನೊಂದು ಕೇಂದ್ರವಿರಲಿಲ್ಲ.

ರಾಷ್ಟ್ರವ್ಯಾಪಿ ಖಾಸಗಿ ಬಾನುಲಿಗೆ ಸರ್ಕಾರ ಬಾಗಿಲು ತೆರೆದಾಗ ಸ್ಥಿತಿ ಬದಲಾಯಿತು. ಮೊದಲ ಎಫ್‌ಎಂ ಪರವಾನಗಿಯನ್ನು ಪಾಪ್ ಅಲ್ಲದ ಸಂಗೀತಕ್ಕೆ ಕೊಡಬೇಕೆಂದು ನಿರ್ಧಾರವಾಯಿತು. ಹರಾಜಿನಲ್ಲಿ ಅತಿ ಹೆಚ್ಚು ಮೊತ್ತ ಕೂಗಿದ ಸಂಸ್ಥೆ ಬಂಡವಾಳ ಹೊಂದಿಸಲಾಗದೆ ಹಿಂದೆ ಸರಿಯಿತು. ಅದಕ್ಕಿಂತ ಕಡಿಮೆ ಕೂಗಿದ್ದ ಕ್ಲಾಸಿಕ್ ಎಫ್‌ಎಂ ಪಾಲಿಗೆ ಪರವಾನಗಿ ಒಲಿಯಿತು. 1992ರ ಸೆಪ್ಟೆಂಬರ್ 7ರಂದು ಹ್ಯಾಂಡೆಲ್ ರಚನೆಯೊಂದರೊಡನೆ ಅದರ ಪ್ರಸಾರ ಮೊದಲಾಯಿತು.

ಜಾಹೀರಾತನ್ನು ನಂಬಿದ ಶಾಸ್ತ್ರೀಯ ಸಂಗೀತ ಕೇಂದ್ರ ಬಹುಕಾಲ ಬಾಳದು ಎಂಬ ಅನುಮಾನವಿತ್ತು. ಆ ಅನುಮಾನವನ್ನು ಕೇಂದ್ರ ಬೇಗನೆ ಸುಳ್ಳಾಗಿಸಿತು. ದೀರ್ಘ ಕೃತಿಯನ್ನು ಪೂರ್ತಿ ನುಡಿಸುವ ಬದಲು ಅದರ ಒಂದು ಭಾಗವನ್ನಷ್ಟೇ ಕೇಳಿಸುವುದು, ನಿರೂಪಣೆಯಲ್ಲಿ ಪಾಂಡಿತ್ಯಕ್ಕಿಂತ ಸ್ನೇಹಭಾವವಿರುವುದು, ಶ್ರೋತೃಗಳಿಂದಲೇ ಮತ ಪಡೆದು ಜನಪ್ರಿಯ ಕೃತಿಗಳ ಪಟ್ಟಿ ಮಾಡುವುದು ಅದರ ಕ್ರಮ. ಪೋಲೆಂಡಿನ ಹೆನ್ರಿಕ್ ಗೊರೆಟ್ಸ್ಕಿ 1976ರಲ್ಲಿ ರಚಿಸಿದ್ದ ಮೂರನೆಯ ಸಿಂಫನಿ ಹೆಚ್ಚು ಜನರಿಗೆ ತಿಳಿದಿರಲಿಲ್ಲ. 1992ರಲ್ಲಿ ಬಂದ ಅದರ ಹೊಸ ಧ್ವನಿಮುದ್ರಿಕೆಯನ್ನು ಕ್ಲಾಸಿಕ್ ಎಫ್‌ಎಂ ಮತ್ತೆ ಮತ್ತೆ ಪ್ರಸಾರ ಮಾಡಿತು. ಮುದ್ರಿಕೆ ಬ್ರಿಟನ್ನಿನ ಪಾಪ್ ಆಲ್ಬಂಗಳ ಸಾಲಿನಲ್ಲಿ 6ನೇ ಸ್ಥಾನಕ್ಕೇರಿತು. ಒಟ್ಟು ಮಾರಾಟ 10 ಲಕ್ಷ ಪ್ರತಿಗಳನ್ನು ದಾಟಿತು. ಜನ ಕೇಳುವುದಿಲ್ಲ ಎಂಬ ವಾದಕ್ಕಿಂತ ಜನರಿಗೆ ಕೇಳಿಸಿಲ್ಲ ಎಂಬ ವಾದಕ್ಕೆ ಬಲ ಬಂದಿತು.

2000ದ ದಶಕದ ಆರಂಭಕ್ಕೆ ಕ್ಲಾಸಿಕ್ ಎಫ್‌ಎಂನ ಸಾಪ್ತಾಹಿಕ ಶ್ರೋತೃಗಳು 60 ಲಕ್ಷವನ್ನು ಮೀರಿದ್ದರು. ಬಳಿಕ ಆ ಸಂಖ್ಯೆ ಇಳಿದು, 2024ರ ವೇಳೆಗೆ 45 ಲಕ್ಷದ ಆಸುಪಾಸಿಗೆ ಬಂದಿತು. ರೇಡಿಯೋ 3ರ ಸಂಖ್ಯೆ ಬಹುಕಾಲದಿಂದ 20 ಲಕ್ಷದ ಸುತ್ತಮುತ್ತಲೇ ಸುಳಿದಾಡುತ್ತಿದೆ.

ಎಣಿಕೆ ಹೇಗೆ?

ಈ ಲೆಕ್ಕವನ್ನು ಇಡುವ ಸಂಸ್ಥೆ ‘ರೇಜಾರ್’. 1992ರಲ್ಲಿ ಸ್ಥಾಪನೆಯಾದ ಇದು ಬಿಬಿಸಿ ಹಾಗೂ ಖಾಸಗಿ ಬಾನುಲಿಗಳ ಒಕ್ಕೂಟದ ಜಂಟಿ ಒಡೆತನದಲ್ಲಿದೆ. ಪ್ರತಿಸ್ಪರ್ಧಿಗಳಿಬ್ಬರೂ ಒಂದೇ ತಕ್ಕಡಿಯನ್ನು ಒಪ್ಪಿಕೊಂಡಿರುವುದು ಇದರ ಹಿರಿಮೆ. ಆಯ್ದ ಜನರಿಗೆ ದಿನಚರಿ ಪುಸ್ತಿಕೆ ಕೊಟ್ಟು, ಒಂದು ವಾರ ಯಾವ ಹೊತ್ತಿನಲ್ಲಿ ಯಾವ ಕೇಂದ್ರ ಕೇಳಿದರೆಂದು ಕಾಲು ಗಂಟೆಯ ಮನೆಗಳಲ್ಲಿ ಗುರುತು ಹಾಕಿಸುವುದು ಹಳೆಯ ಪದ್ಧತಿ. ಮುಂದೆ ದಿನಚರಿ ಅಂತರ್ಜಾಲಕ್ಕೂ ಬಂದಿತು. ಕೊರೊನಾ ಕಾರಣದಿಂದ 2020ರಲ್ಲಿ ಸಮೀಕ್ಷೆ ನಿಂತುಹೋಯಿತು. 2021ರಲ್ಲಿ ಪುನರಾರಂಭವಾದಾಗ, ಸುತ್ತಲಿನ ಬಾನುಲಿ ಧ್ವನಿಯನ್ನು ತಾನೇ ಗುರುತಿಸುವ ಮೊಬೈಲ್ ತಂತ್ರಾಂಶವೂ ಜೊತೆಗೂಡಿತು.

ಸುದ್ದಿಯಲ್ಲಿ ಮೆರೆಯುವುದು ‘ತಲುಪು’ ಎಂಬ ಅಂಕಿ. ವಾರವೊಂದರಲ್ಲಿ ಕನಿಷ್ಠ 5 ನಿಮಿಷ ಒಂದು ಕೇಂದ್ರವನ್ನು ಕೇಳಿದ, 15 ವರ್ಷ ಮೀರಿದ ಪ್ರತಿಯೊಬ್ಬರೂ ಇದರಲ್ಲಿ ಸೇರುತ್ತಾರೆ. ಕಾರಿನಲ್ಲಿ ಆರು ನಿಮಿಷ ಕೇಳಿದವನೂ ಒಬ್ಬ ಶ್ರೋತೃ. ವ್ಯಾಗ್ನರನ ಐದು ಗಂಟೆಯ ಆಪೆರಾವನ್ನು ಕದಲದೆ ಕೇಳಿದವನೂ ಒಬ್ಬನೇ ಶ್ರೋತೃ. ಈ ವ್ಯತ್ಯಾಸವನ್ನು ಹಿಡಿಯಲು ‘ಪಾಲು’ ಎಂಬ ಇನ್ನೊಂದು ಅಳತೆ ಇದೆ. ದೇಶದ ಜನ ಬಾನುಲಿ ಕೇಳಿದ ಒಟ್ಟು ಗಂಟೆಗಳಲ್ಲಿ ಒಂದು ಕೇಂದ್ರಕ್ಕೆ ಸಂದದ್ದೆಷ್ಟು ಎಂಬುದೇ ಪಾಲು. ಒಂದು ಕಾಲ್ಪನಿಕ ಉದಾಹರಣೆ: ಮೊದಲ ಕೇಂದ್ರಕ್ಕೆ 20 ಲಕ್ಷ ಶ್ರೋತೃಗಳು, ತಲಾ 3 ಗಂಟೆ, ಎರಡನೆಯದಕ್ಕೆ 10 ಲಕ್ಷ, ತಲಾ 7 ಗಂಟೆ. ತಲುಪಿನಲ್ಲಿ ಮೊದಲನೆಯದು ಇಮ್ಮಡಿ ದೊಡ್ಡದು. ಪಾಲಿನಲ್ಲಿ 70 ಲಕ್ಷ ಗಂಟೆಗಳ ಎರಡನೆಯದೇ ಮುಂದು.

ಮಾದರಿ ಸಮೀಕ್ಷೆಯ ಮಿತಿಯನ್ನೂ ಮರೆಯುವಂತಿಲ್ಲ. 5.6 ಕೋಟಿ ವಯಸ್ಕರ ದೇಶದಲ್ಲಿ 25,000 ಮಂದಿಯನ್ನು ಕೇಳಿದಾಗ ನೂರಕ್ಕೆ ಮೂರೂವರೆ ಜನ ಒಂದು ಕೇಂದ್ರವನ್ನು ಹೆಸರಿಸಿದರೆಂದು ಭಾವಿಸೋಣ. ಅಂದರೆ ಕೇವಲ 875 ಜನರ ಉತ್ತರದ ಮೇಲೆ 19.6 ಲಕ್ಷ ಎಂಬ ಅಂಕಿ ನಿಂತಿದೆ. ಸಂಖ್ಯಾಶಾಸ್ತ್ರದ ಸಾಮಾನ್ಯ ಸೂತ್ರದಂತೆ ಇದರಲ್ಲಿ ಲಕ್ಷಕ್ಕೂ ಮಿಕ್ಕಿ ಹೆಚ್ಚುಕಡಿಮೆಯಾಗುವ ಸಾಧ್ಯತೆ ಇದ್ದೇ ಇದೆ. ಆದರೂ ಒಂದು ತ್ರೈಮಾಸಿಕದಲ್ಲಿ ಲಕ್ಷ ಇಳಿದರೆ ‘ಕುಸಿತ’, ಏರಿದರೆ ‘ಜಿಗಿತ’ ಎಂಬ ಶೀರ್ಷಿಕೆಗಳು ಸಿದ್ಧವಾಗಿರುತ್ತವೆ.

ಅಂಕಿಯ ಹಿಂದೆ ಓಡಿದರೆ

ಕ್ಲಾಸಿಕ್ ಎಫ್‌ಎಂಗೆ ತಲುಪು ಎಂದರೆ ವರಮಾನ. ಜಾಹೀರಾತಿನ ದರ ನಿಲ್ಲುವುದು ಅದರ ಮೇಲೆ. ರೇಡಿಯೋ 3ಕ್ಕೆ ಹಣ ಬರುವುದು ಸಾರ್ವಜನಿಕರು ತೆರುವ ಪರವಾನಗಿ ಶುಲ್ಕದಿಂದ. ಆದ್ದರಿಂದ ಅದರ ಮೇಲೆ ಎರಡು ವಿರುದ್ಧ ಒತ್ತಡಗಳಿವೆ. ಶ್ರೋತೃಗಳು ಕಡಿಮೆಯಾದರೆ, ಕೆಲವೇ ಜನರ ಅಭಿರುಚಿಗೆ ಎಲ್ಲರ ಹಣವೇಕೆ ಎಂಬ ಪ್ರಶ್ನೆ ಏಳುತ್ತದೆ. ಹೆಚ್ಚಿಸಲು ಹೊರಟರೆ, ಖಾಸಗಿಯವರು ಮಾಡುತ್ತಿರುವುದನ್ನೇ ಸಾರ್ವಜನಿಕ ಹಣದಲ್ಲಿ ಮಾಡುವುದೇಕೆ ಎಂಬ ಪ್ರಶ್ನೆ ಎದುರಾಗುತ್ತದೆ.

1995ರಲ್ಲಿ ರೇಡಿಯೋ 3, ಕ್ಲಾಸಿಕ್ ಎಫ್‌ಎಂನಿಂದಲೇ ಪಾಲ್ ಗಂಬಾಚೀನಿ ಎಂಬ ನಿರೂಪಕರನ್ನು ಕರೆತಂದು ಬೆಳಗಿನ ಕಾರ್ಯಕ್ರಮವನ್ನು ಒಪ್ಪಿಸಿತು. ಹಳೆಯ ಶ್ರೋತೃಗಳು ಸಿಡಿದೆದ್ದರು; ಮರುವರ್ಷವೇ ಆ ಪ್ರಯೋಗ ಮುಗಿಯಿತು. 2023ರಲ್ಲಿ ರೇಡಿಯೋ 3ರ ಹೊಣೆ ಹೊತ್ತ ಸ್ಯಾಮ್ ಜಾಕ್ಸನ್ ಹಿಂದೆ ಕ್ಲಾಸಿಕ್ ಎಫ್‌ಎಂ ಅನ್ನು ಮುನ್ನಡೆಸಿದ್ದವರು. 2024ರಲ್ಲಿ ಕ್ಲಾಸಿಕ್ ಎಫ್‌ಎಂ ಮನಸ್ಸಿಗೆ ನೆಮ್ಮದಿ ನೀಡುವ ಸಂಗೀತಕ್ಕೆಂದು ‘ಕಾಮ್’ ಎಂಬ ಉಪಕೇಂದ್ರ ತೆರೆಯಿತು. ಅದೇ ವರ್ಷ ನವೆಂಬರಿನಲ್ಲಿ ಬಿಬಿಸಿ ‘ರೇಡಿಯೋ 3 ಅನ್‌ವೈಂಡ್’ ಆರಂಭಿಸಿತು. ಇದು ತಮ್ಮ ಕ್ಷೇತ್ರದ ಅತಿಕ್ರಮಣ ಎಂದು ಖಾಸಗಿ ಬಾನುಲಿಗಳ ಒಕ್ಕೂಟ ಆಕ್ಷೇಪಿಸಿತು.

ಮೂರನೆಯವರಿಗೆ ಈ ಮಾರುಕಟ್ಟೆಯಲ್ಲಿ ಎಡೆ ಎಷ್ಟು ಎಂಬುದಕ್ಕೂ ನಿದರ್ಶನವಿದೆ. ಬೌವರ್ ಸಂಸ್ಥೆ 2019ರ ಮಾರ್ಚಿನಲ್ಲಿ ‘ಸ್ಕಾಲಾ ರೇಡಿಯೋ’ವನ್ನು ಹೆಸರಾಂತ ನಿರೂಪಕ ಸೈಮನ್ ಮೇಯೋ ಅವರೊಡನೆ ಆರಂಭಿಸಿತು. ಮೊದಲ ಸಮೀಕ್ಷೆಯಲ್ಲಿ ದೊರೆತದ್ದು ಎರಡೂವರೆ ಲಕ್ಷ ಮೀರಿದ ಶ್ರೋತೃಗಳು. 2024ರಲ್ಲಿ ಆ ಹೆಸರೇ ಮರೆಯಾಗಿ ಕೇಂದ್ರ ‘ಮ್ಯಾಜಿಕ್ ಕ್ಲಾಸಿಕಲ್’ ಆಯಿತು.

ಎಣಿಕೆಗೆ ಸಿಗದದ್ದು

ರೇಡಿಯೋ 3ರ ಕೆಲಸ ಮುದ್ರಿಕೆ ನುಡಿಸುವುದಕ್ಕೆ ಸೀಮಿತವಲ್ಲ. 1927ರಿಂದ ಬಿಬಿಸಿಯ ಆಶ್ರಯದಲ್ಲಿರುವ ಪ್ರಾಮ್ಸ್ ಸಂಗೀತೋತ್ಸವದ ಪ್ರತಿ ಕಛೇರಿಯೂ ಅದರಲ್ಲಿ ಪ್ರಸಾರವಾಗುತ್ತದೆ. ಬಿಬಿಸಿಯ ಐದು ವಾದ್ಯವೃಂದಗಳಿಗೂ ವೃತ್ತಿಪರ ಗಾಯಕವೃಂದಕ್ಕೂ ಅದೇ ಮುಖ್ಯ ವೇದಿಕೆ. ಹೊಸ ರಚನಕಾರರಿಂದ ಕೃತಿ ಬರೆಸುವುದೂ ಅದರ ಹೊಣೆ. 2023ರ ಮಾರ್ಚಿನಲ್ಲಿ ‘ಬಿಬಿಸಿ ಸಿಂಗರ್ಸ್’ ವೃಂದವನ್ನು ಮುಚ್ಚುವುದಾಗಿ ಬಿಬಿಸಿ ಪ್ರಕಟಿಸಿದಾಗ ಸಂಗೀತಲೋಕ ಒಟ್ಟಾಗಿ ಪ್ರತಿಭಟಿಸಿತು. ಕೆಲವೇ ವಾರಗಳಲ್ಲಿ ನಿರ್ಧಾರವನ್ನು ತಡೆಹಿಡಿಯಲಾಯಿತು. ಆ ವೃಂದ ಉಳಿಯಲೇಬೇಕೆಂಬ ವಾದಕ್ಕೆ ಶ್ರೋತೃಸಂಖ್ಯೆಯ ಪಟ್ಟಿಯಲ್ಲಿ ಯಾವ ಆಧಾರವೂ ಇರಲಿಲ್ಲ.

ಪಟ್ಟಿಗೆ ನಿಲುಕದ ಇನ್ನೊಂದು ಪ್ರಸಂಗ 2005ರದು. ರೇಡಿಯೋ 3 ಆ ಜೂನ್‌ನಲ್ಲಿ ಬೀಥೋವನ್‌ನ ಸಮಸ್ತ ಕೃತಿಗಳನ್ನೂ ಪ್ರಸಾರ ಮಾಡಿ, ಒಂಬತ್ತು ಸಿಂಫನಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿತು. 14 ಲಕ್ಷ ಬಾರಿ ಅವು ಇಳಿಸಿಕೊಳ್ಳಲ್ಪಟ್ಟವು. ತಮ್ಮ ವ್ಯಾಪಾರ ಕೆಡುತ್ತದೆಂದು ಮುದ್ರಿಕಾ ಸಂಸ್ಥೆಗಳೇ ಗೊಣಗಿದವು.

ಕ್ಲಾಸಿಕ್ ಎಫ್‌ಎಂ ಲಕ್ಷಾಂತರ ಜನರನ್ನು ಸಂಗೀತದ ಹೊಸ್ತಿಲಿಗೆ ತಂದಿದೆ ಎಂಬುದು ನಿರ್ವಿವಾದ. ಅಲ್ಲಿ ನುಡಿಸಲು ನಾಳೆಯೂ ಹೊಸ ಕೃತಿ, ಹೊಸ ವಾದಕರು ಬೇಕೆಂದರೆ ಇನ್ನೊಬ್ಬರು ಆ ವೆಚ್ಚವನ್ನು ಹೊರಲೇಬೇಕು. ಮುಂದಿನ ತ್ರೈಮಾಸಿಕದ ಪಟ್ಟಿ ಬಂದಾಗಲೂ ಯಾರಿಗೆ ಎಷ್ಟು ಎಂಬ ಪ್ರಶ್ನೆಯೇ ಮೊದಲು ಕೇಳಿಬರುತ್ತದೆ. ಅದು ಯಾವುದರ ಎಣಿಕೆ ಎಂದೂ ಒಮ್ಮೆ ಕೇಳಿಕೊಳ್ಳುವುದು ಒಳಿತು.