ಮಾತು ಬಾರದ ಮಗು ಆಸ್ಪತ್ರೆಯಲ್ಲಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಾವೆಲ್ಲರೂ ಬಲ್ಲ ಗಾದೆ. ಆದರೆ ಮಾತೇ ಬಾರದ ಮಗುವಿಗೆ ರೋಗ ಬಂದಾಗ ಮಾಡತಕ್ಕದ್ದೇನು? ವೈದ್ಯರು ರೋಗವನ್ನು ಗುರುತಿಸುವುದು ಬಹುಮಟ್ಟಿಗೆ ರೋಗಿ ಹೇಳುವ ಮಾತಿನಿಂದಲೇ. ಎಲ್ಲಿ ನೋವು, ಎಂದಿನಿಂದ, ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯದಿದ್ದಾಗ ಕಿವಿನೋವು, ಹಲ್ಲುನೋವು, ಮಲಬದ್ಧತೆಗಳಂತಹ ಸುಲಭಸಾಧ್ಯ ತೊಂದರೆಗಳು ಕೂಡ ಮಗುವಿನ ಹಟವೆಂದು ಭಾವಿಸಲ್ಪಟ್ಟು ದಿನಗಟ್ಟಲೆ ಉಳಿದುಬಿಡುವುದುಂಟು.

ಮಾತು ಬಾರದಿರುವುದಕ್ಕೆ ಕಾರಣಗಳು ಹಲವು. ಸೆರೆಬ್ರಲ್ ಪಾಲ್ಸಿಯಿರುವ ಮಗುವಿನಲ್ಲಿ ನಾಲಿಗೆ, ತುಟಿಗಳ ಸ್ನಾಯುಗಳು ಮಿದುಳಿನ ಆಜ್ಞೆಯನ್ನು ಸರಿಯಾಗಿ ಪಾಲಿಸುವುದಿಲ್ಲ. ಆಟಿಸಂ, ಹುಟ್ಟಿನಿಂದ ಬಂದ ಕಿವುಡು, ಬುದ್ಧಿಯ ಬೆಳವಣಿಗೆಯ ಕುಂಠಿತಗಳೂ ಕಾರಣವಾಗಬಹುದು. ಚೆನ್ನಾಗಿ ಮಾತನಾಡುತ್ತಿದ್ದ ಮಗುವಿಗೂ ಉಸಿರಾಟಕ್ಕಾಗಿ ಗಂಟಲೊಳಗೆ ನಳಿಕೆ ಹಾಕಿದಾಗ ಅದು ಧ್ವನಿತಂತುಗಳ ನಡುವೆ ಹಾದುಹೋಗುವುದರಿಂದ ದನಿ ಹೊರಡದು. ಇವರೆಲ್ಲರ ವಿಷಯದಲ್ಲಿ ನೆನಪಿಡಬೇಕಾದ ಮೊದಲನೆಯ ಸಂಗತಿ ಒಂದೇ: ಮಾತನಾಡದ ಮಗು ಮಾತನ್ನು ಅರಿಯದೆಂದು ಎಣಿಸಬಾರದು. ಅದರ ಎದುರಿಗೇ ಅದರ ರೋಗದ ಬಗ್ಗೆ ಅಂಜಿಕೆ ಹುಟ್ಟಿಸುವಂತೆ ಆಡುವುದು ಸರಿಯಲ್ಲ.

ನೋವನ್ನು ಅರಿಯುವ ಬಗೆ

ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವನ್ನು ತಿಳಿಸಲಾಗದಿದ್ದ ಮಾತ್ರಕ್ಕೆ ನೋವಿಲ್ಲವೆಂದು ಅರ್ಥವಲ್ಲ ಎಂಬುದನ್ನು ಸ್ಪಷ್ಟಪಡಿಸಿದೆ. ಮಾತಿಲ್ಲದ ಮಕ್ಕಳ ನೋವನ್ನಳೆಯಲು 1997ರಲ್ಲಿ ಪ್ರಕಟವಾದ ‘ಫ್ಲ್ಯಾಕ್’ ಎಂಬ ವಿಧಾನ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಮುಖಭಾವ, ಕಾಲುಗಳ ಚಲನೆ, ಮೈಯ ಹೊರಳಾಟ, ಅಳು, ಸಂತೈಸಿದರೆ ಸಮಾಧಾನಗೊಳ್ಳುವಿಕೆ ಎಂಬ ಐದು ಲಕ್ಷಣಗಳಿಗೆ ತಲಾ 0ಯಿಂದ 2ರವರೆಗೆ ಅಂಕವಿತ್ತು ಒಟ್ಟು 10ಕ್ಕೆ ಲೆಕ್ಕ ಹಾಕುತ್ತಾರೆ.

ಆದರೆ ಸ್ನಾಯುಗಳು ಸದಾ ಬಿಗಿದಿರುವ ಮಗುವಿನ ಕಾಲು ನೋವಿಲ್ಲದಾಗಲೂ ಬಿಗಿದೇ ಇರುತ್ತದೆ. ಕೆಲವು ಮಕ್ಕಳು ನೋವಾದಾಗ ಅಳುವ ಬದಲು ಸ್ತಬ್ಧರಾಗುತ್ತಾರೆ. ಕೆಲವರು ನಗುವುದೂ ಉಂಟು. ಇದನ್ನು ಬಲ್ಲವರು ತಾಯಿತಂದೆಯರು ಮಾತ್ರ. “ನಮ್ಮ ಮಗು ನೋವಾದಾಗ ಹೀಗೆ ಮಾಡುತ್ತದೆ” ಎಂದು ಅವರು ಸಂಕೋಚವಿಲ್ಲದೆ ಹೇಳಬೇಕು. ತಿಳಿವಳಿಕೆಯುಳ್ಳ ಮಗುವಿಗೆ ನಗುಮುಖದಿಂದ ಅಳುಮುಖದವರೆಗಿನ ಆರು ಚಿತ್ರಗಳನ್ನು ತೋರಿಸಿ ಕೇಳಬಹುದು. ಚಿತ್ರವನ್ನು ಆರಿಸಬೇಕಾದುದು ಮಗುವೇ ಹೊರತು, ಮಗುವಿನ ಮುಖ ನೋಡಿ ನಾವಲ್ಲ.

ಚಿತ್ರಫಲಕ

ಮಾತಿನ ಕೊರತೆಯನ್ನು ಸನ್ನೆ, ಚಿತ್ರ, ಉಪಕರಣಗಳಿಂದ ತುಂಬುವ ಕ್ರಮಕ್ಕೆ ಪೂರಕ ಹಾಗೂ ಪರ್ಯಾಯ ಸಂವಹನವೆಂದು ಹೆಸರು. ಟೊರಾಂಟೊ ನಗರದಲ್ಲಿ 1971ರಲ್ಲಿ ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳಿಗೆ ‘ಬ್ಲಿಸ್’ ಸಂಕೇತಗಳನ್ನು ಕಲಿಸಿದುದು ಈ ಕ್ಷೇತ್ರದ ಒಂದು ಮುಖ್ಯ ಹೆಜ್ಜೆ. ಇಂದು ಚೆನ್ನೈಯಲ್ಲಿ ರೂಪುಗೊಂಡ ‘ಆವಾಜ್’ನಂತಹ, ಚಿತ್ರ ಮುಟ್ಟಿದರೆ ಮಾತನಾಡುವ ಸಾಧನಗಳೂ ಇವೆ. ಆದರೆ ಒಂದು ರಟ್ಟಿನಿಂದಲೇ ಕೆಲಸ ಆರಂಭಿಸಬಹುದು.

ಎಲ್ಲಕ್ಕಿಂತ ಮೊದಲು ಹೌದು, ಅಲ್ಲ ಎಂಬುದಕ್ಕೆ ಒಂದೊಂದು ಖಚಿತ ಸನ್ನೆಯಿರಲಿ. ಕೈಯಾಡದ ಮಗು ಕಣ್ಣನ್ನು ಮೇಲೆತ್ತಿ ‘ಹೌದು’ ಎನ್ನಬಹುದು. ಅನಂತರ ರಟ್ಟಿನ ಮೇಲೆ ಹನ್ನೆರಡು ಚಿತ್ರಗಳನ್ನು ಅಂಟಿಸಿ: ನೋವು, ನೀರು, ಊಟ, ಮೂತ್ರ, ವಾಂತಿ, ಚಳಿ, ಸೆಕೆ, ಹೆದರಿಕೆ, ಅಮ್ಮ, ನಿದ್ದೆ, ಸಾಕು ನಿಲ್ಲಿಸಿ, ಇದರಲ್ಲಿ ಯಾವುದೂ ಅಲ್ಲ. ಕೊನೆಯ ಎರಡನ್ನು ಮರೆಯಬಾರದು. ಬೇಡವೆನ್ನಲು ದಾರಿಯಿಲ್ಲದ ಮಗು ಕಚ್ಚುತ್ತದೆ, ಒದೆಯುತ್ತದೆ. ರಟ್ಟಿನ ಹಿಂಬದಿಯಲ್ಲಿ ಮಗುವಿನ ಆಕೃತಿಯೊಂದನ್ನು ಬರೆದರೆ ನೋವಿನ ಜಾಗವನ್ನು ತೋರಿಸಲು ಅನುಕೂಲ.

ಈ ಫಲಕವನ್ನು ಆಸ್ಪತ್ರೆಗೆ ಹೋಗುವ ದಿನ ತೆಗೆದರೆ ಪ್ರಯೋಜನವಾಗದು. ಮನೆಯಲ್ಲಿ “ನೀರು ಬೇಕೇ?” ಎನ್ನುವಾಗ ತಾಯಿಯೇ ನೀರಿನ ಚಿತ್ರವನ್ನು ಬೆರಳಿಟ್ಟು ತೋರಿಸಬೇಕು. ಮಾತು ಕೇಳಿ ಮಾತು ಕಲಿಯುವಂತೆ, ಮಗು ಚಿತ್ರದ ಬಳಕೆಯನ್ನು ನೋಡಿಯೇ ಕಲಿಯುತ್ತದೆ. ಚಿತ್ರದ ರೂಢಿಯಾದರೆ ಮಾತು ಬರುವುದೇ ಇಲ್ಲವೆಂಬ ಅಂಜಿಕೆ ಅನೇಕರಲ್ಲಿದೆ. ಅಧ್ಯಯನಗಳು ಇದನ್ನು ಸಮರ್ಥಿಸುವುದಿಲ್ಲ. ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದುದೇ ಕಂಡುಬಂದಿದೆ.

ಆಸ್ಪತ್ರೆಯಲ್ಲಿ ಗಮನಿಸಬೇಕಾದುವು

ಒಮ್ಮೆಗೆ ಒಂದೇ ಪ್ರಶ್ನೆ ಕೇಳಿ, ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಉತ್ತರಕ್ಕಾಗಿ ಕಾಯಿರಿ. ರಕ್ತನಾಳಕ್ಕೆ ದ್ರವ ಕೊಡುವ ಸೂಜಿಯನ್ನು, ಸಾಧ್ಯವಿದ್ದರೆ, ಮಗು ಸನ್ನೆಗೆ ಬಳಸದ ಕೈಗೆ ಹಾಕುವಂತೆ ದಾದಿಯರನ್ನು ವಿನಂತಿಸಿ. ಸನ್ನೆಯ ಕೈಯನ್ನು ಕಟ್ಟಿದರೆ ಮಗುವಿನ ಬಾಯಿಯನ್ನೇ ಕಟ್ಟಿದಂತೆ. ಶಸ್ತ್ರಚಿಕಿತ್ಸೆಯಾಗಿ ಎಚ್ಚರಗೊಂಡೊಡನೆ ಕನ್ನಡಕ, ಶ್ರವಣಯಂತ್ರ, ಫಲಕಗಳು ಕೈಗೆಟುಕುವಂತಿರಲಿ. “ನೋವಾಗುವುದೇ ಇಲ್ಲ” ಎಂದು ಸುಳ್ಳು ಹೇಳದೆ, ಮೊದಲು ಸೂಜಿ, ಆಮೇಲೆ ಮನೆ ಎಂದು ಎರಡು ಚಿತ್ರಗಳಿಂದ ತಿಳಿಸಿರಿ. ಸೂಜಿ ಬೇಕೇ ಬೇಡವೇ ಎಂದು ಕೇಳುವುದು ವ್ಯರ್ಥ. ಅಮ್ಮನ ತೊಡೆಯ ಮೇಲೋ ಮಂಚದ ಮೇಲೋ ಎಂದು ಕೇಳಬಹುದು.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕುಂಟು. ಮನೆಯಲ್ಲಿ ಮಮ್ಮು, ತಾಚಿ ಎಂಬ ಕನ್ನಡದ ನುಡಿಗಳನ್ನೇ ಕೇಳಿ ಬೆಳೆದ ಮಗುವಿಗೆ ಆಸ್ಪತ್ರೆಯಲ್ಲಿ ಕಿವಿಗೆ ಬೀಳುವುದು ಮರಾಠಿಯೋ, ತಮಿಳೋ, ತೆಲುಗೋ, ಹಿಂದಿಯೋ ಆಗಿರುತ್ತದೆ. ಮಗು ಉತ್ತರಿಸದಿರುವುದಕ್ಕೆ ಭಾಷೆಯೂ ಕಾರಣವಾಗಿರಬಹುದೆಂಬುದು ಅಲ್ಲಿಯವರಿಗೆ ಹೊಳೆಯದು. ಆದುದರಿಂದ ಪ್ರತಿಯೊಂದು ಚಿತ್ರದ ಕೆಳಗೆ ಮನೆಯ ಮಾತನ್ನು ಕನ್ನಡದಲ್ಲಿಯೂ, ಅದರ ಉಚ್ಚಾರಣೆ ಹಾಗೂ ಅರ್ಥವನ್ನು ಊರಿನ ಭಾಷೆಯಲ್ಲಿಯೂ ಬರೆಯಿರಿ. ಜೊತೆಗೆ ಒಂದು ಪುಟದ ಪರಿಚಯ ಪತ್ರವೂ ಇರಲಿ: ಮಗುವಿನ ಕರೆಯುವ ಹೆಸರು, ಹೌದು-ಅಲ್ಲಗಳ ಸನ್ನೆ, ನೋವಿನ ಗುರುತು, ಸಮಾಧಾನಪಡಿಸುವ ರೀತಿ, ನುಂಗುವ ಕಷ್ಟ, ಒಗ್ಗದ ಔಷಧಿ. ಅದನ್ನು ಮಂಚಕ್ಕೆ ತೂಗುಹಾಕಿದರೆ ರಾತ್ರಿ ಪಾಳಿಯ ದಾದಿಗೂ ಮಗುವಿನ ಪರಿಚಯವಾಗುತ್ತದೆ.

ನೆರವು ದೊರೆಯುವೆಡೆ

1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲಿಯೇ ತಪಾಸಣೆ, ಸಲಹೆ ದೊರೆಯುತ್ತವೆ. ರಜೆಗೆ ಊರಿಗೆ ಹೋದಾಗ ಇದರ ಉಪಯೋಗ ಪಡೆಯಬಹುದು. ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಗೆ ಸಿಕಂದರಾಬಾದ್ ಮತ್ತು ನೋಯ್ಡಾಗಳಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಚೆನ್ನೈಯಲ್ಲಿ 1985ರಿಂದ ‘ವಿದ್ಯಾಸಾಗರ್’ ಸಂಸ್ಥೆ ಇಂತಹ ಮಕ್ಕಳಿಗಾಗಿ ದುಡಿಯುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸಂವಹನವೆಂಬುದರ ಅರ್ಥದಲ್ಲಿ ಪೂರಕ ಹಾಗೂ ಪರ್ಯಾಯ ವಿಧಾನಗಳನ್ನೂ ಸೇರಿಸಿದೆ. ಆದುದರಿಂದ ಫಲಕವನ್ನು ಹಿಡಿದು ವೈದ್ಯರ ಮುಂದೆ ಕುಳಿತುಕೊಳ್ಳಲು ತಾಯಿತಂದೆಯರು ನಾಚಬೇಕಾಗಿಲ್ಲ. ಮಗು ಆರೋಗ್ಯವಾಗಿರುವಾಗಲೇ, ಬರುವ ಭಾನುವಾರ, ಒಂದು ರಟ್ಟು, ಕತ್ತರಿ, ಗೋಂದುಗಳೊಂದಿಗೆ ಈ ಕೆಲಸವನ್ನು ಆರಂಭಿಸುವುದು ಒಳಿತು.