ಆರೋಗ್ಯಸಹಾಯದ ಎರಡು ಮಾರ್ಗಗಳು

ಧನಿಕ ರಾಷ್ಟ್ರಗಳು ಬಡ ರಾಷ್ಟ್ರಗಳ ಆರೋಗ್ಯರಕ್ಷಣೆಗೆ ದ್ರವ್ಯಸಹಾಯ ಮಾಡುವುದು ಸ್ತುತ್ಯವಾದ ಕಾರ್ಯವೆಂಬುದು ನಿರ್ವಿವಾದ. ಆ ಸಹಾಯವು ಯಾವ ಕ್ರಮದಲ್ಲಿ ನಡೆಯತಕ್ಕದ್ದೆಂಬ ವಿಷಯದಲ್ಲಿ ಮಾತ್ರ ಸುಮಾರು ಅರ್ಧ ಶತಮಾನದಿಂದ ಎರಡು ಪಕ್ಷಗಳುಂಟು. ಒಂದೊಂದು ರೋಗವನ್ನೇ ಗುರಿಯಾಗಿಟ್ಟುಕೊಂಡು ಹಣವನ್ನೂ ಔಷಧವನ್ನೂ ನೇರವಾಗಿ ಒದಗಿಸಬೇಕೆಂಬುದು ಒಂದು ಪಕ್ಷ. ಆಯಾ ದೇಶದ ವೈದ್ಯರು, ದಾದಿಯರು, ಆಸ್ಪತ್ರೆಗಳು, ಔಷಧದ ಉಗ್ರಾಣಗಳು ಇವುಗಳನ್ನೊಳಗೊಂಡ ವ್ಯವಸ್ಥೆಯನ್ನೇ ಬಲಪಡಿಸಬೇಕೆಂಬುದು ಇನ್ನೊಂದು ಪಕ್ಷ. ಅರವಟ್ಟಿಗೆಯನ್ನಿಡುವುದೂ ಧರ್ಮವೇ, ಕೆರೆಯನ್ನು ಕಟ್ಟಿಸುವುದೂ ಧರ್ಮವೇ. ಆದರೆ ಮೊದಲನೆಯದು ಇಟ್ಟವನ ಮನಸ್ಸಿರುವವರೆಗೆ ಮಾತ್ರ ನಡೆಯತಕ್ಕದ್ದು.

೧೯೭೮ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ಸಮ್ಮೇಳನವು ಎರಡನೆಯ ಪಕ್ಷವನ್ನು ಎತ್ತಿಹಿಡಿದು, ೨೦೦೦ದ ಇಸವಿಯ ವೇಳೆಗೆ ಸಕಲರಿಗೂ ಆರೋಗ್ಯವು ಲಭಿಸಬೇಕೆಂದು ಸಾರಿತು. ಮರುವರ್ಷವೇ ಈ ಗುರಿಯು ಬಹುವ್ಯಯಸಾಧ್ಯವೆಂಬ ಆಕ್ಷೇಪಣೆ ಹುಟ್ಟಿ, ಆಯ್ದ ಕೆಲವು ರೋಗಗಳ ನಿವಾರಣೆಯೇ ಯುಕ್ತವೆಂಬ ವಾದವು ತಲೆಯೆತ್ತಿತು. ೧೯೮೦ರಲ್ಲಿ ಸಿಡುಬು ಭೂಮಂಡಲದಿಂದ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಘೋಷಿಸಿದುದು ಈ ವಾದಕ್ಕೆ ಪುಷ್ಟಿಯನ್ನು ಕೊಟ್ಟಿತು.

ಮುಂದೆ ೨೦೦೨ರಲ್ಲಿ ಏಡ್ಸ್, ಕ್ಷಯ, ಮಲೇರಿಯಗಳ ನಿವಾರಣೆಗಾಗಿ ಜಾಗತಿಕ ನಿಧಿಯೂ, ೨೦೦೩ರಲ್ಲಿ ಏಡ್ಸ್ ರೋಗಕ್ಕಾಗಿ ಅಮೆರಿಕ ದೇಶದ ವಿಶೇಷ ಯೋಜನೆಯೂ ಆರಂಭವಾದುವು. ಇವುಗಳಿಂದ ಲಕ್ಷಾಂತರ ಜನರ ಪ್ರಾಣ ಉಳಿದುದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಹೆಚ್ಚಿನ ಸಂಬಳದ ದೆಸೆಯಿಂದ ಸ್ಥಳೀಯ ವೈದ್ಯರು ಸರ್ಕಾರಿ ಆಸ್ಪತ್ರೆಗಳನ್ನು ಬಿಟ್ಟು ದಾನಿಗಳ ಯೋಜನೆಗಳನ್ನು ಸೇರಿದುದೂ, ಪ್ರತಿಯೊಬ್ಬ ದಾನಿಗೂ ಬೇರೆ ಬೇರೆ ಲೆಕ್ಕಪತ್ರಗಳನ್ನು ಒಪ್ಪಿಸುವುದರಲ್ಲಿಯೇ ಅಧಿಕಾರಿಗಳ ಕಾಲವು ಕಳೆದುದೂ ಅಷ್ಟೇ ನಿಜ.

ಈ ಕ್ರಮದ ಕೊರತೆಯು ೨೦೧೪ರಲ್ಲಿ ಪ್ರಕಟವಾಯಿತು. ಎಬೋಲಾ ಜ್ವರವು ಪಶ್ಚಿಮ ಆಫ್ರಿಕದ ಗಿನಿ, ಲೈಬೀರಿಯ, ಸಿಯೆರ ಲಿಯೋನ್ ದೇಶಗಳಲ್ಲಿ ಹರಡಿ, ೧೧,೦೦೦ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಲೈಬೀರಿಯದಲ್ಲಿ ಆಗ ಲಕ್ಷ ಜನಕ್ಕೆ ಇಬ್ಬರು ವೈದ್ಯರೂ ಇರಲಿಲ್ಲ. ಯಾವ ದಾನಿಯ ಪಟ್ಟಿಯಲ್ಲಿಯೂ ಇಲ್ಲದ ರೋಗವು ಬಂದಾಗ, ಪಟ್ಟಿಯಲ್ಲಿದ್ದ ರೋಗಗಳ ಚಿಕಿತ್ಸೆಯೂ ಬಹುಮಟ್ಟಿಗೆ ಕುಂಠಿತವಾಯಿತು. ಅನೇಕ ದಾದಿಯರೂ ವೈದ್ಯರೂ ಮಡಿದರು.

ಇದಕ್ಕೆ ಪ್ರತಿಯಾದ ನಿದರ್ಶನವು ರುವಾಂಡ ದೇಶದಲ್ಲಿ ದೊರೆಯುತ್ತದೆ. ೧೯೯೪ರ ಜನಾಂಗಹತ್ಯೆಯಿಂದ ಹಾಳಾಗಿದ್ದ ಆ ದೇಶವು, ಏಡ್ಸ್ ರೋಗಕ್ಕೆಂದು ಬಂದ ಹಣವನ್ನು ಸಾಮಾನ್ಯ ಚಿಕಿತ್ಸಾಲಯಗಳ ಬಲವರ್ಧನೆಗೂ ಉಪಯೋಗಿಸಿಕೊಂಡು, ಹಳ್ಳಿಹಳ್ಳಿಗೂ ಆರೋಗ್ಯ ಕಾರ್ಯಕರ್ತರನ್ನು ನೇಮಿಸಿತು. ೨೦೧೨ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಅಮೆರಿಕದ ಹಣವು ನೇರವಾಗಿ ರುವಾಂಡದ ಆರೋಗ್ಯ ಸಚಿವಾಲಯದ ಕೈಗೆ ಬಂದಿತು. ಅಲ್ಲಿನ ವಿಶ್ವವಿದ್ಯಾನಿಲಯಗಳ ಅಧ್ಯಾಪಕರು ಬಂದು ಸ್ಥಳೀಯ ವೈದ್ಯರಿಗೂ ದಾದಿಯರಿಗೂ ಶಿಕ್ಷಣವಿತ್ತರು. ಹಣ ಹೊರಗಿನದಾದರೂ ಅದರ ಆಡಳಿತವು ದೇಶದ್ದೇ ಆಗಿದ್ದಿತು.

೨೦೨೫ರಲ್ಲಿ ಅಮೆರಿಕವು ತನ್ನ ವಿದೇಶೀ ಸಹಾಯವನ್ನು ಥಟ್ಟನೆ ತಡೆದು, ೧೯೬೧ರಿಂದ ನಡೆದುಬಂದಿದ್ದ ಅದರ ಸಹಾಯಸಂಸ್ಥೆಯನ್ನು ಮುಚ್ಚಿತು. ದಿನವೂ ಔಷಧವನ್ನು ಸೇವಿಸಿಯೇ ಬದುಕತಕ್ಕ ಏಡ್ಸ್ ರೋಗಿಗಳಿಗೆ ಇದು ಪ್ರಾಣಸಂಕಟವಾಯಿತು. ಹೊಣೆಯು ದಾನಿಗಳದು ಮಾತ್ರವಲ್ಲ. ೨೦೦೧ರಲ್ಲಿ ಅಬುಜ ನಗರದಲ್ಲಿ ಆಫ್ರಿಕದ ರಾಷ್ಟ್ರನಾಯಕರು ತಮ್ಮ ಆಯವ್ಯಯದ ೧೫ ಪಾಲನ್ನು, ಅಂದರೆ ನೂರಕ್ಕೆ ಹದಿನೈದನ್ನು, ಆರೋಗ್ಯಕ್ಕೆ ಮೀಸಲಿಡುವೆವೆಂದು ಕೊಟ್ಟ ಮಾತನ್ನು ಬಹುಪಾಲು ದೇಶಗಳು ನಡೆಸಿಲ್ಲ.

ಹಾಗೆಂದು ಇಂದಿನ ರೋಗಿಯು ನಾಳಿನ ವ್ಯವಸ್ಥೆಗಾಗಿ ಕಾಯಲಾರನು. ಆದಕಾರಣ ಔಷಧವನ್ನು ನಿಲ್ಲಿಸದೆಯೇ, ಅದನ್ನು ಕೊಳ್ಳುವ, ಹಂಚುವ, ಲೆಕ್ಕವಿಡುವ ಅಧಿಕಾರವನ್ನು ಗೊತ್ತಾದ ಅವಧಿಯೊಳಗೆ ಆಯಾ ದೇಶಕ್ಕೆ ವಹಿಸಿಕೊಡತಕ್ಕದ್ದು. ಎಷ್ಟು ಹಣ ಬಂದಿತೆಂಬುದಕ್ಕಿಂತಲೂ, ದಾನಿಯು ಹಿಂತಿರುಗಿದ ಮೇಲೆ ಚಿಕಿತ್ಸಾಲಯದ ಬಾಗಿಲು ತೆರೆದಿದೆಯೇ ಎಂಬುದೇ ಸಹಾಯದ ನಿಜವಾದ ಪರೀಕ್ಷೆ.