ನಿಗದಿ ದರದ ಕರಾರು: ಇರಬೇಕೋ, ಬಿಡಬೇಕೋ?

ಚನ್ನರಾಯಪಟ್ಟಣದ ನಮ್ಮ ಮನೆಗೆ ತಿಂಗಳಿಗೊಮ್ಮೆ ಸೆಸ್ಕ್‌ನವರು ಬಂದು ಮೀಟರ್ ನೋಡಿ ಚೀಟಿ ಕೊಟ್ಟು ಹೋಗುತ್ತಾರೆ. ಯೂನಿಟ್ಟಿನ ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಗೊತ್ತುಪಡಿಸುತ್ತದೆ; ಯಾವ ಕಂಪನಿಯಿಂದ ಕೊಳ್ಳಬೇಕೆಂಬ ಆಯ್ಕೆ ಗೃಹಸ್ಥನಿಗಿಲ್ಲ. ಆದಕಾರಣ 2023ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಿಂದ ನನ್ನ ತಂಗಿಯ ಮಗಳು ದೂರವಾಣಿಯಲ್ಲಿ, “ಮಾವ, ಕರೆಂಟು-ಗ್ಯಾಸಿನ ಕರಾರನ್ನು ನಡುವೆಯೇ ಬಿಟ್ಟುಬಿಡೋಣವೇ?” ಎಂದು ಕೇಳಿದಾಗ ಮೊದಲಿಗೆ ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ. ನವೆಂಬರಿನಲ್ಲಿ ಅವಳಿಗೆ ಹೆರಿಗೆ. ಬಾಣಂತನಕ್ಕೆ ನನ್ನ ತಂಗಿ ಹೊರಡುವವಳಿದ್ದಳು. ಚಳಿಗಾಲದಲ್ಲಿ ಅಲ್ಲಿಯ ಮನೆಗಳನ್ನು ಬಿಸಿಯಾಗಿಡುವುದು ಬಹುತೇಕ ಕೊಳವೆಯ ಅನಿಲ. ಹಸುಗೂಸಿರುವ ಮನೆಯಲ್ಲಿ ಅದನ್ನು ಆರಿಸಿ ಉಳಿತಾಯ ಮಾಡುವಂತಿಲ್ಲ.

ಆ ದೇಶದಲ್ಲಿ ಗ್ರಾಹಕನು ತಾನೇ ಕಂಪನಿಯನ್ನು ಆರಿಸಿಕೊಳ್ಳುತ್ತಾನೆ. ಒಂದೆರಡು ವರ್ಷ ಒಂದೇ ದರವಿರುವಂತೆ ಕರಾರು ಮಾಡಿಕೊಳ್ಳಬಹುದು, ಇಲ್ಲವೇ ಏರಿಳಿಯುವ ದರದಲ್ಲಿರಬಹುದು. ಏರಿಳಿಯುವ ದರಕ್ಕೆ 2019ರ ಜನವರಿಯಿಂದ ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆಯು ಮಿತಿ ಹಾಕುತ್ತ ಬಂದಿದೆ. ಪತ್ರಿಕೆಗಳು ಈ ಮಿತಿಯನ್ನು ಸಾಮಾನ್ಯ ಕುಟುಂಬವೊಂದರ ವಾರ್ಷಿಕ ಮೊತ್ತವಾಗಿ ಅಚ್ಚುಹಾಕುವುದರಿಂದ, ಅದಕ್ಕಿಂತ ಹೆಚ್ಚು ಬಿಲ್ಲು ಬಾರದೆಂದು ಅಲ್ಲಿಯವರೇ ಅನೇಕರು ನಂಬಿದ್ದಾರೆ. ಮಿತಿಯಿರುವುದು ಯೂನಿಟ್ಟಿನ ದರಕ್ಕೆ ಮತ್ತು ದಿನದ ಸ್ಥಿರ ಶುಲ್ಕಕ್ಕೆ. ಹೆಚ್ಚು ಉರಿಸಿದರೆ ಹೆಚ್ಚೇ ತೆರಬೇಕು.

2021ರ ಅಕ್ಟೋಬರಿನಲ್ಲಿ 1,277 ಪೌಂಡುಗಳಿದ್ದ ಆ ಮೊತ್ತ 2022ರ ಏಪ್ರಿಲಿನಲ್ಲಿ 1,971 ಆಯಿತು. ಉಕ್ರೇನ್ ಯುದ್ಧದಿಂದ ಅನಿಲದ ಬೆಲೆ ಮತ್ತಷ್ಟು ಏರಿ, ಅಕ್ಟೋಬರಿನಿಂದ 3,549 ಎಂಬ ಪ್ರಕಟಣೆ ಹೊರಟಿತು. ಆ ಭಯದಲ್ಲಿಯೇ ನಮ್ಮ ಅಳಿಯಂದಿರು ಆಗಸ್ಟಿನಲ್ಲಿ ಎರಡು ವರ್ಷದ ಕರಾರಿಗೆ ಸಹಿ ಹಾಕಿದ್ದರು. ತರುವಾಯ ಸರಕಾರವು ಸಾಮಾನ್ಯ ಕುಟುಂಬದ ವೆಚ್ಚ 2,500ರಲ್ಲಿ ನಿಲ್ಲುವಂತೆ ನೆರವು ಕೊಟ್ಟು, ನಿಗದಿ ದರದವರಿಗೂ ರಿಯಾಯಿತಿ ನೀಡಿದ್ದರಿಂದ ಕರಾರಿನ ಭಾರ ತಿಳಿಯಲಿಲ್ಲ. 2023ರ ಜುಲೈನಿಂದ ಮಿತಿ 2,074ಕ್ಕೆ ಇಳಿಯುವುದೆಂದು ಗೊತ್ತಾದಾಗ ಅದು ಬಯಲಾಯಿತು.

ಮೊತ್ತವನ್ನು ಬದಿಗಿಟ್ಟು ಯೂನಿಟ್ಟಿನ ದರ ಓದಮ್ಮಾ ಎಂದೆ. ಕರಾರಿನಲ್ಲಿ ವಿದ್ಯುತ್ತಿಗೆ 44 ಪೆನ್ಸ್, ಅನಿಲಕ್ಕೆ 13. ಹೊರಗೆ ಸುಮಾರು 30 ಮತ್ತು ಏಳೂವರೆ. ಅವರ ವರ್ಷದ ಬಳಕೆ 2,800 ಯೂನಿಟ್ ವಿದ್ಯುತ್ತು, 11,000 ಯೂನಿಟ್ ಅನಿಲ. ವ್ಯತ್ಯಾಸ 392 ಮತ್ತು 605, ಒಟ್ಟು 997 ಪೌಂಡು. ನಡುವೆ ಬಿಟ್ಟರೆ ತೆರಬೇಕಾದ ಶುಲ್ಕ ಎರಡಕ್ಕೂ ಸೇರಿ 300. ಹೊರಗಿನ ದರ ಮತ್ತೆ ಏರಿ ಈ ವ್ಯತ್ಯಾಸದಲ್ಲಿ ಮೂರನೆಯ ಒಂದು ಪಾಲು ಮಾತ್ರ ಉಳಿದರೂ ಶುಲ್ಕ ಹುಟ್ಟುತ್ತದೆ. ಕರಾರಿನಲ್ಲಿ ಉಳಿದಿದ್ದುದು ಒಂದೇ ಚಳಿಗಾಲ. ಅನಿಲವೆಲ್ಲ ಉರಿಯುವುದು ಆಗಲೇ. ಆದ್ದರಿಂದ ಬಿಡುವುದಾದರೆ ಚಳಿಗೆ ಮುನ್ನವೇ ಬಿಡಬೇಕು. ಕೊನೆಯ 49 ದಿನಗಳಲ್ಲಿ ಬಿಟ್ಟರೆ ಶುಲ್ಕವಿಲ್ಲವೆಂಬ ನಿಯಮವುಂಟು. ಆದರೆ ಅಲ್ಲಿಯವರೆಗೆ ಕಾದರೆ ಮಗುವಿನ ಮೊದಲ ಚಳಿಗಾಲ ಮುಗಿದಿರುತ್ತದೆ.

ಅಳಿಯಂದಿರ ಸಂಕೋಚ ಬೇರೆಯಾಗಿತ್ತು. ಸಹಿ ಹಾಕಿದ ಮೇಲೆ ಮಾತು ಮುರಿಯುವುದು ಸರಿಯೇ ಎಂದರು. ಈ ಕಾಲದಲ್ಲಿಯೂ ಹೀಗೆ ಕೇಳುವವರಿದ್ದಾರಲ್ಲಾ ಎಂದು ನನಗೆ ಸಂತೋಷವಾಯಿತು. ಬಿಡುವವನು ಇಷ್ಟು ತೆರಬೇಕೆಂದು ಕರಾರಿನಲ್ಲಿಯೇ ಬರೆದಿದೆ. ಅದನ್ನು ತೆತ್ತು ಹೊರಬರುವವನು ಮಾತಿನೊಳಗೇ ಇದ್ದಾನೆ, ತೆರದೆ ತಪ್ಪಿಸಿಕೊಳ್ಳುವವನು ಮಾತು ಮುರಿದವನು ಎಂದು ಹೇಳಿದೆ. ಅವರ ಸಹೋದ್ಯೋಗಿಯೊಬ್ಬರು 2021ರ ಬೇಸಿಗೆಯಲ್ಲಿ ಕಡಿಮೆ ದರಕ್ಕೆ ಎರಡು ವರ್ಷದ ಕರಾರು ಮಾಡಿದ್ದರಂತೆ. ಅವರು ನಡುವೆ ಬಿಟ್ಟಿದ್ದರೆ ಕೈಯಾರೆ ನಷ್ಟ ತಂದುಕೊಳ್ಳುತ್ತಿದ್ದರು.

ಜುಲೈನಲ್ಲಿ ಶುಲ್ಕ ತೆತ್ತು ಹೊರಬಂದರು. ಅಕ್ಟೋಬರಿನಲ್ಲಿ ಮಿತಿ ಇನ್ನಷ್ಟು ಇಳಿಯಿತು. ತಂಗಿ ಅಲ್ಲಿಂದ ಮಾತಾಡುವಾಗ, ರಾತ್ರಿಯೆಲ್ಲ ಕೋಣೆ ಬೆಚ್ಚಗಿರುತ್ತದೆ, ಅಳಿಯಂದಿರು ಮಾತ್ರ ದಿನವೂ ಮಲಗುವ ಮುನ್ನ ಒಮ್ಮೆ ಮೀಟರ್ ನೋಡಿ ಬರುತ್ತಾರೆ ಎಂದಳು.